ಕಾಕಾನ ಬೆಳೆಯುವ ಮೊಣಕಾಲು

ನಮ್ಮ ಕಾಕಾನಂಥ ಜಿಪುಣ ಇಡೀ ಭಾಲ್ಕಿಯಲ್ಲಿ ಇನ್ನೊಬ್ಬನಿಲ್ಲ. ದುಡ್ಡಿನಲ್ಲಲ್ಲ, ನಡೆಯುವುದರಲ್ಲಿ!

ಬೀದರಿನಲ್ಲಿ ಅವನ ಬಲಗಾಲಿಗೆ ಕೃತಕ ಮೊಣಕಾಲು ಕೂರಿಸಿದ ಡಾಕ್ಟರು, "ಎರಡು ಲೋಹದ ನಡುವೆ ಪ್ಲಾಸ್ಟಿಕ್ ಬಿಲ್ಲೆ ಅದ. ಬಳಸಿದಂಗ ತುಸು ಸವೀತದ. ವರ್ಷಕ್ಕೊಮ್ಮೆ ಎಕ್ಸ್-ರೇ ತೆಗೆಸಿ ನೋಡಮು" ಎಂದಿದ್ದರು. ಮುಗಿಯಿತಲ್ಲ! ಅಂದಿನಿಂದ ಕಾಕಾ ಎದುರಿನ ಅಂಗಡಿಗೂ ಆಟೋ ಹತ್ತತೊಡಗಿದ.

"ಕಾಕಾ, ಆಟೋ ಹತ್ತಲಾಕೂ ಮೊಣಕಾಲು ಬಗ್ಗಿಸಬೇಕಲ್ಲರಿ?" ಎಂದೆ ನಾನು.

"ಎಡಗಾಲು ಮೊದಲ ಇಡ್ತೇನಿ. ಅದು ದೇವರು ಕೊಟ್ಟದ್ದು, ಸವದರ ಸವೀಲಿ!"

ಎಕ್ಸ್-ರೇ ಫಿಲಂನಲ್ಲಿ ಪ್ಲಾಸ್ಟಿಕ್ ಕಾಣುವುದಿಲ್ಲ, ಲೋಹಗಳ ನಡುವಿನ ಸಂದು ಮಾತ್ರ ಕಾಣುತ್ತದೆ. ಸವೆದಷ್ಟೂ ಸಂದು ಕಿರಿದಾಗಬೇಕು. ಕಾಕಾ ಹಳೆಯ ಫಿಲಂ, ಹೊಸ ಫಿಲಂ ಎರಡನ್ನೂ ಕಿಟಕಿಗೆ ಹಿಡಿದು ಅಳತೆಪಟ್ಟಿ ಇಟ್ಟು ನೋಡುತ್ತಿದ್ದ. ಈ ಸಲ ನೋಡಿದವನು ಕೂಗಿಯೇಬಿಟ್ಟ: "ಸಂದು ದೊಡ್ಡದಾಗ್ಯದ! ಪ್ಲಾಸ್ಟಿಕ್ ಬೆಳೀತದೇನು?"

ನಾನೂ ಅಳೆದೆ. ಹೌದು, ಬೆಳೆದಿತ್ತು! ನನಗೂ ತಲೆ ಕೆಟ್ಟಿತು.

"ಬೆಳದರ ಏನಾತು?" ಎಂದು ಅವನೇ ಸಮಾಧಾನ ಹೇಳಿದ. "ಸಾಲಿ ಹುಡುಗ ಇದ್ದಾಗ ನಾ ಹೈದರಾಬಾದ್ ರಾಜ್ಯದಾಗ ಮಲಗಿ ಮೈಸೂರು ರಾಜ್ಯದಾಗ ಎದ್ದೆ. ಗಡಿನೇ ಸರದಿತ್ತು, ನಾ ಮಗ್ಗಲಾ ಸುದ್ದಾ ಬದಲಿಸಿರಲಿಲ್ಲ!"

ಬಸ್ಸು ಹಿಡಿದು ಇಬ್ಬರೂ ಬೀದರಿಗೆ ಹೋದೆವು.

ಡಾಕ್ಟರು ನಕ್ಕರು. "ಅಜ್ಜಾರ, ಹೋದ ಸಲ ನಿಲ್ಲಿಸಿ ತೆಗೆದಿದ್ರು, ಈ ಸಲ ಮಲಗಿಸಿ ತೆಗೆದಾರ. ಮೈಭಾರ ಬೀಳದಿದ್ರ ಸಂದು ಅಗಲ ಕಾಣ್ತದ."

"ಅಂದ್ರ ನನ್ನ ಮೊಣಕಾಲು ಮಲಗಿದಾಗ ಹೊಸಾದು, ನಿಂತಾಗ ಹಳೇದು?"

ಈಗ ಡಾಕ್ಟರಿಗೂ ಗೊಂದಲ! ಮತ್ತೆ ನಿಲ್ಲಿಸಿ ತೆಗೆಸಿದರು, ಹಳೆಯ ಫಿಲಂಗಳ ಪಕ್ಕದಲ್ಲಿಟ್ಟು ನೋಡಿದರು. "ಸವೆತ ಭಾಳ ಇಲ್ಲ. ಆರಾಮ ನಡೀರಿ."

"ಇನ್ನೆಷ್ಟು ವರ್ಷ ಬರ್ತದರಿ?"

"ಖಾತ್ರಿ ಹೇಳಲಾಕ ಆಗಲ್ಲ. ಯಾಕ, ಎಲ್ಲಿಗೆ ಹೋಗೋದದ?"

ಕಾಕಾ ನೆಲ ನೋಡಿದ. "ಎಲ್ಲಿಗೂ ಇಲ್ಲರಿ ಡಾಕ್ಟರ್ ಸಾಬ್. ಮನ್ಯಾಕಿಗೆ ಕಣ್ಣು ಹೋಗ್ಯಾವ. ಸಂಜೀಕ ನನ್ನ ಕೈ ಹಿಡದು ನಮ್ಮೂರ ಕೋಟಿ ತನಕ ಬರ್ತಾಳ. ಬ್ಯಾರೆಯವರು ಹಿಡದ್ರ ಹೆಜ್ಜಿನೇ ಇಡಲ್ಲ. ಆಕಿ ನಡಿಯೋತನಕ ಇದು ನಡೀಬೇಕು, ಅಷ್ಟೇ."

ನಾನು ಫಿಲಂಗಳನ್ನು ಚೀಲಕ್ಕೆ ಹಾಕತೊಡಗಿದೆ.

ಭಾಲ್ಕಿಗೆ ಬಂದಾಗ ಸಂಜೆಯಾಗಿತ್ತು. ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, "ಡಾಕ್ಟರ್ ಏನಂದ್ರು?" ಎಂದು ಕೇಳಿದಳು.

"ನಡೀರಿ ಅಂದ್ರು," ಎಂದು ಕಾಕಾ ಅವಳ ಕೈ ಹಿಡಿದ. ಆ ದಿನ ಇಬ್ಬರೂ ಕೋಟೆಯನ್ನೂ ದಾಟಿ ಮುಂದೆ ಹೋದರು.