ಅವ್ವನ ಉಣ್ಣೆನೂಲು ಮತ್ತು ನನ್ನ ವರ್ಣತಂತು

ಪಾಠ ಹೇಳುವವನಿಗೆ ಬರಬಹುದಾದ ದೊಡ್ಡ ಆಪತ್ತೆಂದರೆ, ಅವನು ಹೇಳಿದ್ದನ್ನು ಮನೆಯವರು ನಂಬಿಬಿಡುವುದು. ವಿದ್ಯಾರ್ಥಿಗಳಿಂದ ಈ ಭಯವಿಲ್ಲ. ಪರೀಕ್ಷೆಯ ಮರುದಿನವೇ ಎಲ್ಲವನ್ನೂ ಮರೆತು ಪುಣ್ಯ ಕಟ್ಟಿಕೊಳ್ಳುತ್ತಾರೆ. ತೊಂಬತ್ತರ ದಶಕದಲ್ಲಿ ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ನಾನು ಎರಡು ಪಾಠಗಳನ್ನು ಮಾತ್ರ ಭಾರೀ ಠೀವಿಯಿಂದ ಮಾಡುತ್ತಿದ್ದೆ. ಒಂದು, ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯ ವರ್ಣತಂತು ಎಂಬುದು. ಇನ್ನೊಂದು ಕುಟುಂಬ ಯೋಜನೆ. "ಗಂಡಸರ ಆಪರೇಷನ್ ಅಂದ್ರೆ ಇರುವೆ ಕಚ್ಚಿದಷ್ಟೇ ಕಣ್ರಪ್ಪ" ಎನ್ನುತ್ತಿದ್ದೆ. ಹಿಂದಿನ ಬೆಂಚಿನವರು ಕಿಸಕ್ಕೆಂದರೆ ಮೇಜಿಗೆ ಡಸ್ಟರ್ ಕುಟ್ಟಿ, "ವಿಜ್ಞಾನದಲ್ಲಿ ನಾಚಿಕೆ ಎಂಥದ್ದು?" ಎಂದು ಗದರುತ್ತಿದ್ದೆ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಮನೆಯಲ್ಲಿ ನನ್ನದು ಅದೇ ಕಥೆ. ನಮಗೆ ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಹುಟ್ಟಿದಂದಿನಿಂದ ನನ್ನವ್ವ ನನ್ನ ಹೆಂಡತಿ ರತ್ನಳ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದಳು. ಹೇಳಬೇಕಾದ್ದನ್ನೆಲ್ಲ ಬಾಗಿಲಿಗೋ ಬಿಂದಿಗೆಗೋ ಪಕ್ಕದ ಮನೆಯ ಬೆಕ್ಕಿಗೋ ಹೇಳುವಳು. "ಸಾರಿಗೆ ಉಪ್ಪು ಕಮ್ಮಿ ಆಗೈತೆ" ಎಂದು ಬೆಕ್ಕಿಗೆ ಹೇಳಿದರೆ ರತ್ನ ಉಪ್ಪಿನ ಡಬ್ಬಿ ತಂದಿಡುವಳು. ನನ್ನ ಜೊತೆ ಮಾತ್ರ ಮಾತು ನೇರ. "ವಂಶಕ್ಕೊಂದು ಗಂಡು ಬ್ಯಾಡೇನೋ? ಹಾಲುರಾಮೇಶ್ವರಕ್ಕೆ ಹೋಗಿ ಬೇಡ್ಕಂಡು ಬರಾಣ, ನಡಿ" ಎಂದು ವಾರಕ್ಕೊಮ್ಮೆಯಾದರೂ ಎನ್ನುವಳು. ನಮ್ಮದು ಹೊಸದುರ್ಗದ ಕಡೆಯ ಕುರಿ ಸಾಕುವ ಮನೆತನ. ಮರಿಗಳನ್ನು ಮಾರಿ ಮಾರಿ ನನ್ನನ್ನು ಓದಿಸಿದವಳು ಅವ್ವ. ಅಂಥವಳಿಗೇ ಪಾಠ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಆದರೆ ಎರಡನೆಯ ಹೆರಿಗೆಯಲ್ಲಿ ರತ್ನ ಬದುಕಿ ಬಂದದ್ದೇ ಹೆಚ್ಚು. ಇನ್ನೊಂದು ಬಸಿರು ಬೇಡವೇ ಬೇಡವೆಂದು ಡಾಕ್ಟರಮ್ಮ ನನ್ನೆದುರಿಗೇ ಹೇಳಿದ್ದರು. ಅದನ್ನೂ ನಾನು ಅವ್ವನಿಗೆ ಹೇಳಿರಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ಭಾನುವಾರ ರತ್ನ ಮಕ್ಕಳ ಬಟ್ಟೆಯನ್ನೆಲ್ಲ ಬ್ಯಾಗಿಗೆ ತುಂಬಿ ಹೊಸ್ತಿಲ ಬಳಿ ಇಟ್ಟಳು. "ರೀ, ವರ್ಷಕ್ಕೆ ನೂರಾರು ಹುಡುಗ್ರಿಗೆ ಹೇಳ್ತೀರಿ, ನಿಮ್ಮವ್ವ ಒಬ್ಬರಿಗೆ ಹೇಳಾಕಾಗಲ್ವಾ? ನಾನು ಇರಬೇಕೋ ಸಾಯಬೇಕೋ ಹೇಳಿಬಿಡ್ರಿ. ಇವತ್ತು ನೀವು ಬಾಯಿ ಬಿಡ್ಲಿಲ್ಲಾಂದ್ರೆ ನಾಳೆ ಬೆಳಿಗ್ಗೆ ಬಸ್ಸಿಗೆ ಹಿರಿಯೂರಿಗೆ, ನಮ್ಮಪ್ಪನ ಮನೆಗೆ ಹೋಗ್ತೀನಿ" ಎಂದಳು. ಧ್ವನಿ ಏರಿಸಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಅವ್ವ ಜಗಲಿಯಲ್ಲಿ ಕೂತು ಕಂಬಳಿಗೆಂದು ಉಣ್ಣೆ ನೂಲುತ್ತಿದ್ದಳು. ಪಕ್ಕದಲ್ಲಿ ಕೂತೆ. ಸೀಮೆಸುಣ್ಣವಿಲ್ಲದೆ ನನಗೆ ಮಾತು ಹೊರಡುವುದಿಲ್ಲ. ಕೈಗೆ ಸಿಕ್ಕ ನೂಲಿನಲ್ಲಿ ಮೊಳದುದ್ದದ ಒಂದು ಎಳೆ, ಗೇಣಿಗೂ ಕಡಿಮೆಯ ಇನ್ನೊಂದು ಎಳೆ ಹರಿದುಕೊಂಡೆ.

"ಲೇ! ನೂಲ್ಯಾಕೆ ಹರೀತೀಯೋ?"

"ಪಾಠಕ್ಕವ್ವ. ನೋಡು, ಹೆಂಗಸರ ಮೈಯಾಗೆ ಇಂಥ ಉದ್ದದ್ದು ಎರಡಿರ್ತಾವೆ. ಗಂಡಸರಲ್ಲಿ ಉದ್ದದ್ದು ಒಂದು, ಗಿಡ್ಡದ್ದು ಒಂದು. ನಾನು ಗಿಡ್ಡದ್ದು ಕೊಟ್ರೆ ಗಂಡು, ಉದ್ದದ್ದು ಕೊಟ್ರೆ ಹೆಣ್ಣು. ರತ್ನನ ಹತ್ರ ಗಿಡ್ಡದ್ದು ಇಲ್ವೇ ಇಲ್ಲ. ಎಲ್ಲಿಂದ ಕೊಟ್ಟಾಳು?"

ಅವ್ವ ಕದಿರು ನಿಲ್ಲಿಸಿದಳು. ಕೇಳುವವರು ಸಿಕ್ಕರೆ ಮೇಷ್ಟ್ರಿಗೆ ಹುರುಪು ಬರುತ್ತದಲ್ಲ, ನಾನು ಪಠ್ಯ ದಾಟಿ ಹೋದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ಎರಡೂ ಎಳೆ ಸರಿಸಮ ಜೋಡಿಯಾಗಿದ್ದವು; ಒಂದರ ತುಣುಕನ್ನು ಇನ್ನೊಂದು ಪಡೆದು, ಕೊಟ್ಟು ತಂದು ಮಾಡಿಕೊಂಡಿದ್ದವು; ಆಮೇಲೆ ಆ ಕೊಡುಕೊಳ್ಳುವಿಕೆ ನಿಂತು ಒಂದು ಸವೆಯುತ್ತ ಬಂತು ಎಂದು ವಿವರಿಸಿದೆ. ಎರಡು ಎಳೆಗಳ ತುದಿಗಳನ್ನು ಒಂದಕ್ಕೊಂದು ಹಿಡಿದು ತೋರಿಸಿದೆ. "ಈಗ ಈ ಎರಡು ತುದಿ ಮಾತ್ರ ಎರಡು ಎಳೇಲೂ ಒಂದೇ ಥರ ಉಳಿದಾವೆ. ಇಲ್ಲಿ ಇವತ್ತಿಗೂ ಅದಲುಬದಲು ನಡೀತೈತೆ. ತುದೀಲಿ ಒಂದನ್ನೊಂದು ಹಿಡ್ಕಳ್ಳದಿದ್ರೆ ಮುಂದಕ್ಕೆ ಸಂತಾನವೇ ಇಲ್ಲ."

"ಅಂದ್ರೆ ಕೊಟ್ಟು ತರೋದು ಬಿಟ್ಟಿದ್ದಕ್ಕೇ ಸವೀತು ಅನ್ನು" ಎಂದಳು ಅವ್ವ. ಒಳಗೆ ರತ್ನ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಅವ್ವ ಗಿಡ್ಡ ಎಳೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಇಷ್ಟೇನಾ? ಈ ತುಂಡು ನೂಲಿಗೇನಾ ನಾನು ವಂಶ ವಂಶ ಅಂತ ಬಾಯಿ ಬಡ್ಕಂಡಿದ್ದು?"

ಅದೇ ಉಸಿರಿನಲ್ಲಿ ಡಾಕ್ಟರಮ್ಮನ ಮಾತನ್ನೂ ಹೇಳಿಬಿಟ್ಟೆ. ಅವ್ವನ ಮುಖ ಕಪ್ಪಿಟ್ಟಿತು. "ಯಾವಾಗ ಹೇಳಿದ್ರೋ ಇದ್ನ?"

"ಎರಡು ವರ್ಷ ಆತು."

"ಎರಡು ವರ್ಷ! ಇಲ್ಲಿವರೆಗೂ ಬಾಯಾಗೆ ಮುದ್ದೆ ಇಟ್ಕಂಡಿದ್ಯೇನೋ? ಆ ಹುಡುಗಿಗೆ ಏನಾರ ಆಗಿದ್ರೆ?" ಎಂದು ಕದಿರಿನಿಂದಲೇ ನನ್ನ ಮೊಣಕಾಲಿಗೊಂದು ಬಿಟ್ಟಳು. ಆಮೇಲೆ ಒಳಕ್ಕೆ ತಿರುಗಿ, ಬೆಕ್ಕನ್ನು ಕರೆಯದೆ, "ರತ್ನಾ, ಬಾರವ್ವ ಇಲ್ಲಿ" ಎಂದಳು. ರತ್ನ ಸೆರಗಿನಲ್ಲಿ ಕೈಯನ್ನೂ ಕಣ್ಣನ್ನೂ ಒರೆಸಿಕೊಳ್ಳುತ್ತ ಬಂದಳು. "ನಂದು ತಪ್ಪಾತು ಕಣೆ. ಹಟ್ಟೀಲಿ ಹೆಣ್ಮರಿ ಬಿದ್ರೆ ಮಂದೆ ಬೆಳೀತು ಅಂತ ಹಿಗ್ಗಿದೋಳು ನಾನು, ಮನ್ಯಾಗೆ ಹುಟ್ಟಿದ್ರೆ ಮಖ ತಿರುವಿದೆ. ಆ ಬ್ಯಾಗು ಒಳಗಿಡು." ನನಗೆ ನನ್ನ ಪಾಠದ ಬಗ್ಗೆ ತುಸು ಹೆಮ್ಮೆಯಾಯಿತು. ಅಲ್ಲಿಗೇ ಎದ್ದು ಹೋಗಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅತ್ತೆ, ಬರೋ ವಾರ ಆಸ್ಪತ್ರೇಲಿ ಆಪರೇಷನ್ ಕ್ಯಾಂಪ್ ಐತಂತೆ. ನನ್ನ ಹೆಸರು ಬರಸ್ತೀನಿ" ಎಂದಳು ರತ್ನ.

"ನಿನಗ್ಯಾಕೆ? ಮೊದ್ಲೇ ರಕ್ತ ಇಲ್ದೆ ಸಣಕಲಾಗಿದೀಯ. ಕೊಡೋನು ನಾನು ಅಂತ ಅವನೇ ಈಗ ಹೇಳಿದ್ನಲ್ಲ! ಮಂದೇಲಿ ಬೀಜ ಒಡಸೋದು ಟಗರಿಗೋ, ಕುರಿಗೋ?"

"ಅವ್ವಾ, ಅದು ಹಂಗಲ್ಲ..." ಎಂದೆ. ಹೇಗೆ ಎಂದು ಹೇಳಲು ನನ್ನ ಹತ್ತಿರ ನೂಲು ಉಳಿದಿರಲಿಲ್ಲ.

"ಇರುವೆ ಕಚ್ಚಿದಷ್ಟೇ ಅಂತೆ ಅತ್ತೆ. ಕಾಲೇಜಿನ ಹುಡುಗ್ರೆಲ್ಲ ಹೇಳ್ತಾರೆ" ಎಂದಳು ರತ್ನ. ಎರಡು ವರ್ಷಗಳ ನಂತರ ಅತ್ತೆ ಸೊಸೆ ಒಟ್ಟಿಗೆ ನಕ್ಕರು.

ಕ್ಯಾಂಪಿನ ದಿನ ಬೆಂಚುಗಳ ತುಂಬ ಹೆಂಗಸರು. ಗಂಡಸು ಅಂತ ಆಪರೇಷನ್ನಿಗೆ ಬಂದವನು ನಾನೊಬ್ಬನೇ. ಅವ್ವ, ರತ್ನ ಒಂದೇ ಪೊಟ್ಟಣದ ಮಂಡಕ್ಕಿ ತಿನ್ನುತ್ತ, ಎರಡು ವರ್ಷದ ಬಾಕಿ ಮಾತನ್ನೆಲ್ಲ ಒಂದೇ ಬೆಳಿಗ್ಗೆ ತೀರಿಸುತ್ತಿದ್ದರು. ಒಳಗಿನಿಂದ ಬಂದ ನರ್ಸ್ ನನ್ನನ್ನು ನೋಡಿ ಕೈಮುಗಿದಳು. "ಸಾರ್, ನಾನು ನಿಮ್ಮ ಸ್ಟೂಡೆಂಟು. ನಿಮ್ಮ ಪಾಠ ಇನ್ನೂ ನೆನಪೈತೆ ಸಾರ್. ಇರುವೆ ಕಚ್ಚಿದಷ್ಟೇ, ಅಲ್ವಾ?" ವಿದ್ಯಾರ್ಥಿಗಳು ಮರೆಯುತ್ತಾರೆ ಎಂದು ಮೇಲೆ ಬರೆದದ್ದನ್ನು ಇಲ್ಲಿಗೆ ಹಿಂದಕ್ಕೆ ಪಡೆಯುತ್ತೇನೆ. "ಹೌದಮ್ಮ" ಎಂದೆ. ಎಂಥ ಇರುವೆ ಎಂದು ಪಾಠದಲ್ಲಿ ಹೇಳಿರಲಿಲ್ಲ. ಕಾಲು ತಾನಾಗಿಯೇ ಹೊರಬಾಗಿಲ ಕಡೆ ತಿರುಗಿತು. ಅಷ್ಟರಲ್ಲಿ ಬೆಂಚಿನಿಂದ ಅವ್ವನ ದನಿ ಇಡೀ ಆಸ್ಪತ್ರೆಗೆ ಕೇಳಿಸಿತು:

"ನರ್ಸಮ್ಮಾ, ಎರಡೂ ತುದಿ ಬಿಗಿಯಾಗಿ ಹಿಡ್ಕಳ್ರವ್ವ. ಟಗರು ಓಡಾಕೆ ನೋಡ್ತೈತೆ!"