ಹಂಚಿಂದ್ ಕೆಲ್ಸ

ಎಲ್ಲದಕ್ಕೂ ಕಾರಣ ಉಮಾನಾಥನ ಬಾಯಲ್ಲಿದ್ದ ಎಲೆಯಡಿಕೆ.

ಬೆಳಿಗ್ಗೆ ಕಾರ್ಖಾನೆಯ ಮಾಡಿಗೆ ಕೊನೆಯ ಸಾಲು ಹಂಚು ಕೂರುತ್ತಿತ್ತು. ಅದನ್ನು ಕಣ್ತುಂಬ ನೋಡಿದವನು ಆ ಖುಷಿಯಲ್ಲೇ ಮೊಬೈಲು ಬಾಯಿಗೆ ಹಿಡಿದು ಕುಟುಂಬದ ವಾಟ್ಸಾಪ್ ಗುಂಪಿಗೆ ಹೇಳಿಬಿಟ್ಟ: "ಕಾರ್ಖಾನಿ ಹಂಚಿಂದ್ ಕೆಲ್ಸ ಇವತ್ತಿಗ್ ಮುಗಿತ್ತ್. ಎಲ್ರ್ ಆಶೀರ್ವಾದ ಇರ್ಲಿ."

ಹಂಚಿಂದ್ ಅಂದರೆ ಹಂಚಿನದು, ಮಾಡಿಗೆ, ಅಂದರೆ ಚಾವಣಿಗೆ ಹೊದಿಸುವ ಹಂಚಿನದು. ಆದರೆ ನಮ್ಮ ಕುಂದಾಪುರದ ಕಡೆಯವರಿಗೆ ಅಕ್ಷರ ನುಂಗುವ ಚಟ. ಅದರ ಮೇಲೆ ಬಾಯಿ ತುಂಬ ರಸ. ಕೇಳಿದವರಿಗೆಲ್ಲ ಅದು 'ಹಂಚುದ್ ಕೆಲ್ಸ' ಎಂದೇ ಕೇಳಿಸಿತು. ಅಂದರೆ ಕಾರ್ಖಾನೆಯನ್ನು ಪಾಲು ಮಾಡಿ ಹಂಚುವ ಕೆಲಸ ಇವತ್ತಿಗೆ ಮುಗಿಯುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಕುಟುಂಬದವರು ಕೈಯಲ್ಲಿದ್ದ ತಿಂಡಿ ಬಿಟ್ಟು ಎದ್ದರು.

ಹಟ್ಟಿಯಂಗಡಿಯ ಹೊಳೆದಂಡೆಯ ಆ ಹಂಚಿನ ಕಾರ್ಖಾನೆಯನ್ನು ಕಟ್ಟಿಸಿದ್ದು ಉಮಾನಾಥನ ಅಜ್ಜಿಯ ಅಣ್ಣ. ಬಟ್ಟಿ ಆರಿದ ಮೇಲೆ ಅದು ಬಾವಲಿಗಳ ಪಾಲಾಗಿತ್ತು. ಮನುಷ್ಯರ ನಡುವೆ ಮಾತ್ರ ಪಾಲಾಗಿರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ಮಾಡು ಸೋರುವಷ್ಟು ಕಾಲ ಒಬ್ಬನೂ ಹಕ್ಕಿನ ಮಾತೆತ್ತಲಿಲ್ಲ. ಉಮಾನಾಥನೊಬ್ಬನೇ ಹುಚ್ಚು ಹತ್ತಿದವನ ಹಾಗೆ ಬೊಂಬಾಯಿಯ ಕ್ಯಾಂಟೀನು ಮಾರಿ ಬಂದು, ಇದ್ದದ್ದನ್ನೆಲ್ಲ ಇದರ ಮೇಲೆ ಸುರಿದ. ಹಂಚು ಒಣಗಿಸುತ್ತಿದ್ದ ಚಾವಡಿ ಊಟದ ಮನೆಯಾಯಿತು. ಬಟ್ಟಿಗಳು ಅತಿಥಿಗಳು ಮಲಗುವ ಕೋಣೆಗಳಾದವು. ಅಂಗಳದಲ್ಲಿದ್ದ ಹಾಯ್ಗುಳಿ ದೈವದ ಕಲ್ಲಿಗೆ ಹೊಸ ಕಟ್ಟೆಯೂ ಆಯಿತು. ಮೇಲಿಂದ ಕೆಳಗೆ ಬಿರುಕು ಬಿಟ್ಟಿದ್ದ ಚಿಮಣಿಯ ಹೊತ್ತಿಗೆ ಮಾತ್ರ ಕೈ ಬರಿದಾಗಿತ್ತು.

ಅವತ್ತೇ ಬೊಂಬಾಯಿಯ ಪ್ರವಾಸ ಕಂಪನಿಯಿಂದ ಅನಿಷಾ ಎಂಬವಳು ಜಾಗ ನೋಡಲು ಬರುವವಳಿದ್ದಳು. ಅವಳು ಹೂಂ ಎಂದರೆ ವರ್ಷವಿಡೀ ಅತಿಥಿಗಳು. ಇಲ್ಲದಿದ್ದರೆ ಉಮಾನಾಥನಿಗೆ ತಿರುಗಿ ಹೋಗಲು ಕ್ಯಾಂಟೀನೂ ಇರಲಿಲ್ಲ. ಹಾಗಾಗಿ ಅವಳಿಗೆ ಫೋನಿನಲ್ಲಿ ಕಾರ್ಖಾನೆಯ ಕತೆಯನ್ನೆಲ್ಲ ಬಣ್ಣ ಹಚ್ಚಿ ಹೇಳಿದ್ದ. ಬಟ್ಟಿಗೆ ಬೆಂಕಿ ಇಡುವ ಮೊದಲು ಎಲ್ಲರೂ ಆ ಕಲ್ಲಿನೆದುರು ವೀಳ್ಯ ಹಿಡಿದು ಮಾತು ಕೊಡುತ್ತಿದ್ದರು, ಹಾಗೆ ಕೊಟ್ಟ ಮಾತಿಗೆ ತಪ್ಪಿದವನು ತಮ್ಮ ಕುಟುಂಬದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಕೊಚ್ಚಿಕೊಂಡಿದ್ದ.

ಮೊದಲು ಬಂದವಳು ಬೈಂದೂರಿನ ಅಕ್ಕ ಪ್ರಭಾವತಿ. ಚಪ್ಪಲಿ ಬಿಡುವ ಮೊದಲೇ ಹೊಸ ಮಾಡನ್ನು ಒಮ್ಮೆ ಕಣ್ಣಲ್ಲೇ ಅಳೆದಳು.

"ಪಾಲ್ ಮಾಡುಕೆ ಅಕ್ಕನ ಕರೂದ್ ಬಿಟ್ಟ್ ಗುಂಪಲ್ ಹೇಳುದಾ?"

"ಅಕ್ಕ, ಪಾಲಲ್ಲ. ಹಂಚ್. ಮಾಡಿಗ್ ಹಾಕು ಹಂಚ್."

"ಈಗ ಹಾಂಗ್ ಹೇಳ್ತಿ. ನೀ ಬೊಂಬಾಯಿಗಿದ್ದಷ್ಟ್ ವರ್ಷ ಈ ಕಲ್ಲಿಗ್ ದೀಪ ಇಟ್ಟದ್ದ್ ಯಾರ್?"

ಪ್ರತಿ ಸಂಕ್ರಾಂತಿಗೆ ಬಸ್ಸು ಹಿಡಿದು ಬಂದು ಆ ಹಾಳು ಅಂಗಳದಲ್ಲಿ ದೀಪ ಇಟ್ಟವಳು ಅವಳೇ. ಉಮಾನಾಥನಿಗೆ ಸಿಟ್ಟು ಬಂದದ್ದು ಅದು ನಿಜ ಎಂಬುದಕ್ಕೇ.

ಅಷ್ಟರಲ್ಲಿ ಬ್ರಹ್ಮಾವರದ ಭೋಜರಾಜ ಬಂದ. ಚಿಕ್ಕಮ್ಮನ ಮಗ, ಜಾಗದ ದಲ್ಲಾಳಿ. ಅಳತೆಯ ಟೇಪು, ಸುಣ್ಣದ ಪುಡಿಯ ಚೀಲ ಎರಡನ್ನೂ ತಂದಿದ್ದ. ಯಾರನ್ನೂ ಕೇಳದೆ ಊಟದ ಮನೆಯ ನಡುವೆ, ಮೊನ್ನೆಯಷ್ಟೇ ಪಾಲಿಶು ಮಾಡಿಸಿದ ನೆಲದ ಮೇಲೆ, ಕಬಡ್ಡಿಯ ಅಂಕಣದ ಹಾಗೆ ಗೆರೆ ಎಳೆದ. ಪಕ್ಕದ ಮನೆಯ ಸೀತು ಬೇಲಿ ದಾಟಿ ಬಂದು, ಹಿತ್ತಿಲ ಬಾವಿ ಯಾರ ಕಡೆಗೆ ಬರುತ್ತದೆ ಎಂದು ಕೇಳಿ ಇನ್ನೊಂದು ಜಗಳ ಹಚ್ಚಿದಳು. ಬಟ್ಟಿ ಕೋಣೆಗಳು ತನಗೆ ಎಂದು ಅಕ್ಕ, ಚಾವಡಿ ತನಗೆ ಎಂದು ಭೋಜರಾಜ. ಇಬ್ಬರಿಗೂ ಬೇಡವಾದದ್ದು ಚಿಮಣಿ ಒಂದೇ. ಉಮಾನಾಥ ಕೈಮುಗಿದ, ಬೈದ, ಗೆರೆಯನ್ನು ಕಾಲಿನಿಂದ ಒರೆಸಿದ. ಅವನು ಒರೆಸಿದಲ್ಲೆಲ್ಲ ಭೋಜರಾಜ ಮತ್ತೆ ಎಳೆದ.

ಆಗ ಅಂಗಳದಲ್ಲಿ ಕಾರು ನಿಂತಿತು.

ಅನಿಷಾ ಸುಣ್ಣದ ಗೆರೆ ದಾಟಿ ಒಳಗೆ ಬಂದು, ಇದೇನು ನಡೆಯುತ್ತಿದೆ ಎಂದು ಹಿಂದಿಯಲ್ಲಿ ಕೇಳಿದಳು. ಉಮಾನಾಥನ ಜೀವ ಬಾಯಿಗೆ ಬಂತು. ಕುಟುಂಬದ ಜಗಳ ಎಂದರೆ ಕತೆ ಅಲ್ಲಿಗೆ ಮುಗಿಯಿತು. ತಕರಾರಿನ ಜಾಗಕ್ಕೆ ಯಾವ ಕಂಪನಿ ಜನ ಕಳಿಸುತ್ತದೆ? ಬೊಂಬಾಯಿ ಹಿಂದಿಯಲ್ಲಿ ಬಾಯಿಗೆ ಬಂದದ್ದನ್ನು ಬಿಟ್ಟ. ಇದು ಈ ಕಾರ್ಖಾನೆಯ ಹಳೆಯ ಕಟ್ಟಳೆ, ಮಾಡಿಗೆ ಹೊಸ ಹಂಚು ಕೂತ ದಿನ ಕುಟುಂಬದವರೆಲ್ಲ ಸೇರಿ ಪಾಲು ಮಾಡುವ ಆಟ ಆಡುತ್ತೇವೆ ಎಂದ. ಆಮೇಲೆ ಅಕ್ಕನ ಕಿವಿಯಲ್ಲಿ, "ಇವ್ಳ್ ಹೋಪಲ್ಲಿವರಿಗೆ ಜಗಳ ಹೀಂಗೇ ಮಾಡಿ, ಮತ್ತೆ ಕೂತ್ ಮಾತಾಡ್ವ," ಎಂದು ಬೇಡಿಕೊಂಡ.

ಜಗಳಕ್ಕೆ ನಟನೆಯೇನೂ ಬೇಕಾಗಲಿಲ್ಲ. ಹೋದಲ್ಲೆಲ್ಲ ಹಲ್ಲು ಕಿಸಿಯುವವರನ್ನೇ ಕಂಡು ಬೇಸತ್ತಿದ್ದ ಅನಿಷಾಗೆ ಇದು ಹಬ್ಬದೂಟದಂತಾಯಿತು. ಮೊಬೈಲು ಎತ್ತಿ ವಿಡಿಯೋ ಶುರು ಮಾಡಿ, ಕೊನೆಗೆ ಏನಾಗುತ್ತದೆ ಎಂದು ಕೇಳಿದಳು.

ಕೊನೆ ಏನೆಂದು ಉಮಾನಾಥನೂ ಯೋಚಿಸಿರಲಿಲ್ಲ. ಮಾಡು ಕಟ್ಟಿಸಿದವನು ಎಲ್ಲವನ್ನೂ ಒಡಹುಟ್ಟಿದವರಿಗೆ ಬಿಟ್ಟುಕೊಡುತ್ತಾನೆ, ಆಗ ಎಲ್ಲರೂ ಒಂದಾಗುತ್ತಾರೆ ಎಂದು ಹೆಣೆದ. ಹಾಗಾದರೆ ಆ ಕಲ್ಲಿನೆದುರೇ ಆಗಲಿ, ವೀಳ್ಯ ಬೇಡವೇ ಎಂದಳು ಅನಿಷಾ. ಫೋನಿನಲ್ಲಿ ಕೇಳಿದ್ದನ್ನು ಮರೆತಿರಲಿಲ್ಲ ಪುಣ್ಯಾತ್ಗಿತ್ತಿ. ಸೀತು ಕೂಡಲೇ ಸೊಂಟದ ಚೀಲದಿಂದ ಎಲೆಯಡಿಕೆ ತೆಗೆದುಕೊಟ್ಟಳು.

ಉಮಾನಾಥ ಅದನ್ನು ಎರಡೂ ಕೈಯಲ್ಲಿ ಹಿಡಿದು ಗಂಟಲು ಸರಿಪಡಿಸಿಕೊಂಡ.

"ಬಟ್ಟಿ, ಚಾವಡಿ, ಮಾಡ್, ಎಲ್ಲ ನಿಮ್ಗೇ. ನಂಗ್ ಆ ಚಿಮಣಿ ಒಂದ್ ಸಾಕ್."

ಮಾತು ಎಷ್ಟು ಚೆನ್ನಾಗಿ ಬಂತೆಂದರೆ ಅವನ ಕಣ್ಣೇ ಒದ್ದೆಯಾಯಿತು. ಅಕ್ಕ ವೀಳ್ಯವನ್ನು ಸೆರಗಿನಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಭೋಜರಾಜ ಬಂದು ತಬ್ಬಿಕೊಂಡ. ಅನಿಷಾ ಚಪ್ಪಾಳೆ ತಟ್ಟಿದಳು. ಕೋಳಿ ಸುಕ್ಕ ಉಂಡು, ಜಾಗ ಒಪ್ಪಿಗೆ ಎಂದು ಹೇಳಿ, ಭೋಜರಾಜ ಕೇಳಿದನೆಂದು ವಿಡಿಯೋವನ್ನೂ ಅವನಿಗೆ ಕಳಿಸಿ ಕಾರು ಹತ್ತಿದಳು.

ಕಾರು ಮರೆಯಾದ ಮೇಲೆ ಉಮಾನಾಥ ನಗುತ್ತ ತಿರುಗಿದ. "ಅಬ್ಬ. ಲಾಯ್ಕ್ ಆಟ ಆಡ್ದ್ರಿ ಎಲ್ರೂ."

"ಆಟ ಅಂದ್ರೆ?" ಪ್ರಭಾವತಿ ಕೇಳಿದಳು. "ಹಾಯ್ಗುಳಿ ಎದ್ರ್ ಯಾರ್ ಆಟ ಆಡ್ತ್ರ್?"

ಉಮಾನಾಥನಿಗೆ ಮೊದಲು ಅರ್ಥವಾಗಲಿಲ್ಲ. ಭೋಜರಾಜ ವಿಡಿಯೋ ಹಾಕಿ ತೋರಿಸಿದ. ಅದರಲ್ಲಿ ಗೆರೆ ಇತ್ತು, ಕಲ್ಲು ಇತ್ತು, ವೀಳ್ಯ ಇತ್ತು, ಸ್ವಂತ ಬಾಯಿಂದ ಎಲ್ಲ ಬಿಟ್ಟುಕೊಟ್ಟು ಅಳುವ ಉಮಾನಾಥನಿದ್ದ. ಆಟ ಎಂದು ಹಿಂದಿಯಲ್ಲಿ ಹೇಳಿದ್ದು ಮಾತ್ರ ವಿಡಿಯೋ ಶುರುವಾಗುವ ಮೊದಲಿನ ಮಾತು. ಉಮಾನಾಥ ಸೀತುವಿನ ಮುಖ ನೋಡಿದ. ಎಲೆ ತಾನೇ ಕೊಟ್ಟದ್ದು ಹೌದು, ದೈವದ ವಿಷಯದಲ್ಲಿ ಸುಳ್ಳು ಹೇಳಲಾರೆ ಎಂದುಬಿಟ್ಟಳು ಅವಳು.

ಅದೆಲ್ಲ ಸುಳ್ಳು ಎಂದು ಆ ಕಲ್ಲಿನೆದುರೇ ನಿಂತು ಹೇಳಿಬಿಡಬೇಕೆಂದು ಉಮಾನಾಥ ಕಟ್ಟೆಯ ಹತ್ತಿರ ಹೋದ. ಬೊಂಬಾಯಿಯಲ್ಲಿದ್ದಾಗ ದೈವ ಗೈವ ಎಂದು ಗೇಲಿ ಮಾಡಿದ್ದವನೇ. ಈಗ ನಾಲಗೆ ಏಳಲಿಲ್ಲ. ತಾನೇ ಕಟ್ಟಿಸಿದ ಕಟ್ಟೆಯ ಮೇಲೆ ಕುಸಿದು ಕೂತ.

ಅಕ್ಕನಿಗೆ ಕರುಳು ಚುರ್ ಎಂದಿರಬೇಕು. ಬಂದು ಬೆನ್ನು ಸವರಿದಳು. "ನೀ ಎಲ್ಲಿಗೂ ಹೋಪುದ್ ಬ್ಯಾಡ, ತಮ್ಮ. ಬಂದವ್ರಿಗ್ ಅಡಿಗಿ ಮಾಡುಕೆ ಜನ ಬೇಕಲ್ದಾ."

ಅಷ್ಟರಲ್ಲಿ ಭೋಜರಾಜನ ಮೊಬೈಲಿಗೆ ಅನಿಷಾಳ ಸಂದೇಶ ಬಂತು. ಮೊದಲ ಅತಿಥಿಗಳು ಮುಂದಿನ ವಾರವೇ ಬರುತ್ತಾರೆ, ಆ ಪಾಲಿನ ಕಟ್ಟಳೆಯನ್ನು ಬಂದವರಿಗೆಲ್ಲ ತಪ್ಪದೆ ತೋರಿಸಬೇಕು, ಎಂದಿತ್ತು. ಮತ್ತೊಂದು ಮಾತು: ಬಿರುಕು ಬಿಟ್ಟ ಚಿಮಣಿ ಅಪಾಯ, ಅದರ ಯಜಮಾನರು ಅಷ್ಟರೊಳಗೆ ಸರಿ ಮಾಡಿಸಬೇಕು, ಇಲ್ಲದಿದ್ದರೆ ಎಲ್ಲ ರದ್ದು.

ಭೋಜರಾಜ ಗಟ್ಟಿಯಾಗಿ ಓದಿ ಮುಗಿಸಿ, ಏನೂ ತಿಳಿಯದವನ ಹಾಗೆ ತಲೆ ಎತ್ತಿದ.

"ಚಿಮಣಿ ಯಾರ್ದ್?"

ಎಲ್ಲರೂ ಉಮಾನಾಥನ ಕಡೆ ನೋಡಿದರು. ಈ ಸಲ ಅವನ ಬಾಯಲ್ಲಿ ಎಲೆಯಡಿಕೆ ಇರಲಿಲ್ಲ.

"ನಂದ್," ಎಂದ.

ಎಲ್ಲರಿಗೂ ಸರಿಯಾಗಿ ಕೇಳಿಸಿತು.