ಕೇಳಿದವರಿಗೆ ಮಾತ್ರ ಹೇಳಲಾಗುವುದು

ಸವಣೂರಿನ ನಮ್ಮ ಸಹಾಯ ಕೇಂದ್ರದಲ್ಲಿ ನನ್ನದು ಒಂದೇ ಸಿದ್ಧಾಂತ. ಕೇಳಿದವರಿಗೆ ಹೇಳಬೇಕು, ಕೇಳದವರಿಗೆ ಹೇಳಬಾರದು. ಊರುಗೋಲು ಕೇಳಿದವರಿಗೆ ಊರುಗೋಲಿನ ಬಗ್ಗೆ, ಕನ್ನಡಕ ಕೇಳಿದವರಿಗೆ ಕನ್ನಡಕದ ಬಗ್ಗೆ. ಇದನ್ನು ಬಿಟ್ಟು ಇರೋಬರೋ ಸೌಲಭ್ಯವನ್ನೆಲ್ಲ ಸಾರುತ್ತ ಕುಳಿತರೆ ಇಡೀ ತಾಲೂಕು ಬಂದು ನನ್ನ ಟೇಬಲ್ ಮೇಲೆ ಕೂರುತ್ತದೆ! ಹೀಗೆಂದು ನಾನು ಬಹಳ ಗಂಭೀರವಾಗಿ ನಂಬಿದ್ದೆ.

ಒಂದು ಸಂಜೆ ಚಹಾ ಕುಡಿಯುತ್ತ ಹೆಂಡತಿ ಶೋಭಾಳ ಮುಂದೆ ನನ್ನ ಕಷ್ಟ ತೋಡಿಕೊಂಡೆ. ಹಿಂದಿನ ವಾರ ಕೌದಿ ಹೊಲಿಯುವ ಮಾಬೂಬಿ ಎಂಬ ಮುದುಕಿ ಕನ್ನಡಕ ಕೇಳಲು ಬಂದಿದ್ದಳು. ಪಾಪ, ಕಿವಿ ಕೇಳಿಸದು. ನಾನು ಗಂಟಲು ಹರಿದುಕೊಂಡು ಹೇಳಿದ್ದಕ್ಕೆಲ್ಲ "ಹೂಂ ಸಾಹೇಬ್ರ" ಎಂದು ನಕ್ಕು ಹೋದಳು. ಯಲವಿಗಿಯಲ್ಲಿರುವ ಮಗಳು ಫೋನ್ ಮಾಡಿದರೂ ಹೀಗೇ ಅಂತೆ. ಮಗಳು ನಕ್ಕರೂ "ಹೂಂ", ಅತ್ತರೂ "ಹೂಂ".

"ಶಿಗ್ಗಾವ್ಯಾಗ ಪುಕ್ಕಟೆ ಕಿವಿ ಮಷಿನ್ ಕೊಡೋ ಕ್ಯಾಂಪ್ ನಡದೈತಿ ಅಂದಿದ್ರೆಲ್ಲ, ಆಕಿಗೆ ಹೇಳಿದ್ರೇನ್ರಿ?"

"ಇಲ್ಲ."

"ಯಾಕ?"

"ಆಕಿ ಕೇಳಲಿಲ್ಲ."

ಶೋಭಾ ಚಹಾದ ಬಸಿ ಕೆಳಗಿಟ್ಟಳು. "ಕಿವಿ ಕೇಳದಾಕಿ ಹೆಂಗ ಕೇಳ್ತಾಳ್ರಿ?"

ಎದ್ದೆ, ಕೂತೆ, ಟಿವಿ ಹಾಕಿದೆ. "ಸೌಂಡ್ ಕಡಿಮಿ ಮಾಡ್ರಿ, ಬಾಜೂ ಮನಿಯವರು ಬೈತಾರ" ಎಂದಳು. ಕಡಿಮೆ ಮಾಡಿದರೆ ಏನೂ ತಿಳಿಯದು. ಈಗಿನ ವಾರ್ತೆ ಓದುವವರು ಬಾಯೊಳಗೇ ಗೊಣಗುತ್ತಾರೆ! ಟಿವಿ ಆರಿಸಿ ಮತ್ತೆ ಎದ್ದೆ. ಮರುದಿನವೇ ಕ್ಯಾಂಪಿನ ಕೊನೆಯ ದಿನ. ಮುದುಕಿಯ ಆ "ಹೂಂ" ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮಾಬೂಬಿ ಮನೆ ಮುಂದಿನ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು. ನಾನು ಬಗ್ಗಿ ಅವಳ ಕಿವಿಯಲ್ಲೇ ಕೂಗಿದೆ.

"ಮಷಿನ್! ಮಷಿನ್ ಕೊಡ್ತಾರ! ಪುಕ್ಕಟೆ! ನಾಳೆ ಮುಂಜಾನೆ, ಶಿಗ್ಗಾವಿ!"

ಇಡೀ ಓಣಿಗೆ ಕೇಳಿಸಿತು, ಮಾಬೂಬಿ ಒಬ್ಬಳನ್ನು ಬಿಟ್ಟು.

"ಹೂಂ ಸಾಹೇಬ್ರ."

ಎದುರು ಮನೆಯ ಫಾತಿಮಾ ಬಾಗಿಲಿಗೆ ಬಂದು ಏನೋ ಕೇಳಿದಳು. "ಕಿವಿಗಿ ಮಷಿನ್ ಏನ್ರಿ?" ಅಂದಂತಾಯಿತು. "ಹೌದೌದು! ಯಾರಿಗೆ ಬೇಕು ಅವರೆಲ್ಲಾ ಬರ್ರಿ!" ಎಂದೆ. ಸಿದ್ಧಾಂತ ಬಿಟ್ಟ ಮೇಲೆ ಪೂರ್ತಿ ಬಿಡಬೇಕಲ್ಲ!

ಮರುದಿನ ಮುಂಜಾನೆ ಮಾಬೂಬಿಯನ್ನು ಕರೆದೊಯ್ಯಲು ಹೋದರೆ, ಓಣಿಯ ಬಾಯಲ್ಲಿ ಟೆಂಪೋ ನಿಂತಿತ್ತು. ಅದರ ತುಂಬ ಹೆಂಗಸರು. ಇಷ್ಟೊಂದು ಜನರಿಗೆ ಕಿವಿ ಮಂದ ಇದ್ದದ್ದು ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಮರುಗಿದೆ. ಫಾತಿಮಾಳ ಕೈಯಲ್ಲಿ ಹಗ್ಗದ ಸುರುಳಿ ಇತ್ತು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕರೆಯದಿದ್ದರೂ ಶೋಭಾ ಬಂದು ಹತ್ತಿ ಕೂತಳು.

ಕ್ಯಾಂಪಿನಲ್ಲಿ ಮೊದಲ ಪಾಳಿ ಫಾತಿಮಾಳದು. ಸಪ್ಪಳ ಕೇಳಿಸಿದಾಗ ಬೆರಳೆತ್ತಬೇಕು ಎಂದರು ಡಾಕ್ಟರು.

"ನನ್ನ ಕಿವಿ ಛಲೋ ಅದಾವ್ರಿ. ಮಷಿನ್ ಎಲ್ಲೈತಿ?"

ಡಾಕ್ಟರು ಅವರೆಕಾಳಿನಷ್ಟು ದೊಡ್ಡ ಮಷಿನನ್ನು ಅಂಗೈಯಲ್ಲಿಟ್ಟು ತೋರಿಸಿದರು. ಫಾತಿಮಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದರಾಗ ದಾರ ಎಲ್ಲಿ ಪೋಣಸ್ತಾರ್ರಿ?"

ಓಣಿಗೆ ಓಣಿಯೇ ನನ್ನ ಕಡೆ ತಿರುಗಿತು. "ಹೊಲಿಗಿ ಮಷಿನ್ ಏನ್ರಿ ಅಂತ ಬಾಯಿಬಿಟ್ಟು ಕೇಳೇನಿ! ಹೌದೌದು ಅಂದವರು ನೀವಲ್ಲೇನ್ರಿ?" ಎಂದು ಫಾತಿಮಾ ಮಷಿನ್ ಕಟ್ಟಲು ತಂದಿದ್ದ ಹಗ್ಗ ಹಿಡಿದುಕೊಂಡೇ ಎದ್ದು ಬಂದಳು. ಹಗ್ಗದ ಉಪಯೋಗ ಈಗ ಬದಲಾಗಬಹುದು ಎನಿಸಿ ನಾನು ಡಾಕ್ಟರ ಹಿಂದೆ ಸರಿದೆ.

ನನ್ನನ್ನು ಉಳಿಸಿದವಳು ಮಾಬೂಬಿ. ಅಷ್ಟರಲ್ಲಿ ಪಕ್ಕದ ಟೇಬಲಿನವರು ಅವಳ ಕಿವಿಗೆ ಮಷಿನ್ ಹಾಕಿದ್ದರು. ಶೋಭಾ ಯಲವಿಗಿಗೆ ಫೋನ್ ಹಚ್ಚಿ ಮುದುಕಿಯ ಕೈಗೆ ಕೊಟ್ಟಳು. ಮಗಳು ಏನೋ ಅಂದಳು. ಎಲ್ಲರೂ ಆ "ಹೂಂ"ಗೆ ಕಾದೆವು.

"ಯಾಕ ಬೇಟಾ, ನೆಗಡಿ ಆಗೈತೇನ? ದನಿ ಒಡದೈತಲ್ಲ!"

ಬೈಯುತ್ತಿದ್ದ ಹೆಂಗಸರೆಲ್ಲ ನನ್ನನ್ನು ಬಿಟ್ಟು ಮುದುಕಿಯ ಸುತ್ತ ನೆರೆದರು. ಫಾತಿಮಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ದುಃಖ ಸಂತೋಷ ಎರಡೂ ಒಟ್ಟಿಗೆ ಬಂದವು. ಕಳೆದ ವಾರವೇ ಹೇಳಿದ್ದರೆ ಈ ಮಾತು ಕಳೆದ ವಾರವೇ ಆಗುತ್ತಿತ್ತು. "ಆರಾಮೇನವಾ ಈಗ?" ಎಂದು ಮುದುಕಿಯನ್ನು ಕೇಳಿದೆ.

ಅವಳು ಬೆಚ್ಚಿ ಕಿವಿ ಮುಚ್ಚಿಕೊಂಡಳು. "ಸಾವಕಾಶ ಮಾತಾಡ್ರಿ ಸಾಹೇಬ್ರ! ಯಾಕ ಹಂಗ ಒದರಾಕತ್ತೀರಿ?"

"ಮೊದಲ ಇವರ ಕಿವಿ ನೋಡ್ರಿ!" ಎಂದು ಫಾತಿಮಾ ಡಾಕ್ಟರಿಗೆ ಅಪ್ಪಣೆ ಕೊಟ್ಟಳು.

ನಗುತ್ತಲೇ ಕುರ್ಚಿಯ ಮೇಲೆ ಕೂತೆ. ಹೆಡ್‌ಫೋನ್ ಹಾಕಿದರು. ಬೆರಳೆತ್ತಲು ಸಿದ್ಧನಾಗಿ ಕಾದೆ. ಕಾದೇ ಕಾದೆ. ಕಡೆಗೆ ಬೇಸತ್ತು, "ಯಾವಾಗ ಶುರು ಮಾಡ್ತೀರ್ರಿ?" ಎಂದೆ.

"ಮುಗೀತ್ರಿ" ಎಂದರು ಡಾಕ್ಟರು.

ಟೆಂಪೋದಲ್ಲಿ ಹಿಂತಿರುಗುವಾಗ ಮಾಬೂಬಿಗೊಂದು ಮಷಿನ್, ನನಗೊಂದು ಮಷಿನ್. ಉಳಿದವರಿಗೆ ಹಗ್ಗ.

"ನನ್ನ ಕಿವಿ ಮಂದ ಆಗ್ಯಾವ ಅಂತ ನಿನಗ ಗೊತ್ತಿತ್ತೇನ?" ಎಂದು ಶೋಭಾಳನ್ನು ಕೇಳಿದೆ.

"ಭಾಳ ದಿವಸ ಆತು."

"ಮತ್ತ ಹೇಳಬಾರದೇನ?"

"ನೀವೆಲ್ಲಿ ಕೇಳಿದ್ರಿ?"

ಮೆಲ್ಲಗೇ ಅಂದಳು. ದುರ್ದೈವ, ಪೂರ್ತಿ ಕೇಳಿಸಿತು!